ಕಡೆಗೀಲು

ಜಯನಗರದ ನಮ್ಮ ಬೀದಿಯಲ್ಲಿ, ಸಂಪಿಗೆಯ ಮರವೊಂದು ಗೋಡೆಯಾಚೆಗೆ ಬಾಗಿ ನೆರಳು ಚೆಲ್ಲುವ ನೆರೆಮನೆಯ ಪೋರ್ಟಿಕೋದಲ್ಲಿ, ಎಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವ ತರುಣನೊಬ್ಬನು ಇಬ್ಬರು ಗೆಳೆಯರೊಡಗೂಡಿ ಒಂದೂವರೆ ವರ್ಷದಿಂದ ಕೈಯಾರ ಒಂದು ಕಾರನ್ನು ಕಟ್ಟುತ್ತಿದ್ದನು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ಗುಜರಿಯಿಂದ ತಂದ ಮೋಟಾರು ಸೈಕಲ್ಲಿನ ಎಂಜಿನ್, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಕೊಂಡ ಬಿಡಿಭಾಗಗಳು, ಇವೆಲ್ಲ ಒಂದೊಂದಾಗಿ ಬಂದು ಕೂಡಿ ಆಕಾರ ತಳೆಯುತ್ತಿದ್ದುದನ್ನು ನಾನು ನನ್ನ ಜಗಲಿಯಿಂದ ದಿನವೂ ನೋಡುತ್ತಿದ್ದೆನು. ಶ್ರಾವಣದಲ್ಲಿ ಮಳೆ ಬಿಟ್ಟ ಒಂದು ಸಂಜೆ ಅವನು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ತಂದು ನನ್ನ ಮುಂದೆ ತೆರೆದಿಟ್ಟು, “ತಾತ, ನಲವತ್ತು ಕಡೆ ತಂತಿ ಕೂಡಿಸಬೇಕು. ಈ ಕಪ್ಲರ್‌ಗಳಲ್ಲಿ ಯಾವುದು ಕೊಳ್ಳಲಿ? ಒಳ್ಳೆಯದಕ್ಕೆ ದುಡ್ಡು ಸಾಲದು, ಅಗ್ಗದ್ದಕ್ಕೆ ಧೈರ್ಯ ಸಾಲದು” ಎಂದನು.

ನಾನು ಮೂವತ್ತೈದು ವರ್ಷ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಲ್ಲಿ ದುಡಿದವನು. ನಿವೃತ್ತಿಯ ತರುವಾಯ ವಿದ್ವಾಂಸರೊಬ್ಬರ ಬಳಿ ವಾರಕ್ಕೊಮ್ಮೆ ಕುಳಿತು, ನ್ಯಾಯವೈಶೇಷಿಕಗಳ ಪ್ರವೇಶಗ್ರಂಥವಾದ ತರ್ಕಸಂಗ್ರಹವನ್ನು ಓದಿಕೊಳ್ಳುತ್ತಿರುವವನು. ಅವನ ಪ್ರಶ್ನೆ ನನ್ನ ಮೊದಲ ವೃತ್ತಿಗೆ ಸೇರಿದುದೆಂದು ತಿಳಿದು ಉತ್ತರ ಹೇಳತೊಡಗಿದೆನು. ಹೇಳುತ್ತ ಹೇಳುತ್ತ, ಅದು ನನ್ನ ಎರಡನೆಯ ವ್ಯಾಸಂಗಕ್ಕೂ, ಅದಕ್ಕಿಂತ ಹೆಚ್ಚಾಗಿ ನನ್ನ ಬಾಳಿನಲ್ಲಿ ಹನ್ನೊಂದು ವರ್ಷಗಳಿಂದ ಉತ್ತರ ಕಾಣದೆ ಉಳಿದಿದ್ದ ಒಂದು ವಿಷಯಕ್ಕೂ ಸೇರಿದ ಪ್ರಶ್ನೆಯೆಂಬುದು ಮನವರಿಕೆಯಾಯಿತು. ಎರಡು ವಸ್ತುಗಳು ಕೂಡುವುದೆಂದರೇನು? ಬಿಡಿಸಲು ಬರುವ ಸಂಬಂಧವು ಬಿಡಿಸಲಾರದ ಸಂಬಂಧಕ್ಕಿಂತ ಕೀಳಾದುದೆ?

ಉತ್ತರಕ್ಕೆ ಮೊದಲು ಕಾರಿನ ಮಾತು. ಇಂತಹ ಕಾರು ಬೀದಿಯಲ್ಲಿ ಓಡತಕ್ಕದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೆಯ ನಿಯಮದ ಮೇರೆಗೆ ಹೊಸ ಮಾದರಿಯ ವಾಹನವು ಅಧಿಕೃತ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಗಾಗಬೇಕು. ಆ ವೆಚ್ಚವನ್ನು ಮನೆಯಲ್ಲಿ ಕಟ್ಟುವವನು ತಾಳಲಾರನು. ಆದಕಾರಣ ಇದು ಖಾಸಗಿ ಆವರಣದಲ್ಲಿಯೂ ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲಿಯೂ ಮಾತ್ರ ಓಡುವ ಕಾರು. ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ಕಟ್ಟಿದ ‘ಅಶ್ವ’ ಎಂಬ ತಂಡವು ಈ ಮಾರ್ಗದಲ್ಲಿ ನಡೆದುಬಂದಿದೆ. ಅದರಂತೆಯೇ ನಗರದ ದಕ್ಷಿಣ ಭಾಗದ ಹಲವು ಕಾಲೇಜುಗಳ ಹುಡುಗರು ವರ್ಷವರ್ಷವೂ ಇಂತಹ ರಥಗಳನ್ನು ಕಟ್ಟಿ ಕೊಯಮತ್ತೂರಿನ ಓಟದ ಪಥಕ್ಕೊಯ್ಯುತ್ತಾರೆ. ಲಾಭವಿಲ್ಲದ ಈ ಶ್ರಮದ ಫಲವು ಜ್ಞಾನವೊಂದೇ; ಮತ್ತು ಅಂತಹ ಶ್ರಮದಲ್ಲಿಯೇ ತತ್ತ್ವದ ಪ್ರಶ್ನೆಗಳು ತಾವಾಗಿ ಎದ್ದು ನಿಲ್ಲುವುದುಂಟು.

ಕೂಡುವುದೆಂದರೇನೆಂಬ ಪ್ರಶ್ನೆಯನ್ನು ಕಣಾದನ ವೈಶೇಷಿಕ ದರ್ಶನವು ತೆಗೆದುಕೊಂಡಿರುವ ರೀತಿಯನ್ನು ಮೊದಲು ನೋಡೋಣ. ಬೇರೆಬೇರೆಯಾಗಿದ್ದ ಎರಡು ದ್ರವ್ಯಗಳು ಒಂದನ್ನೊಂದು ಮುಟ್ಟಿದಾಗ ಹುಟ್ಟುವುದು ಸಂಯೋಗ. ಅದು ಇಪ್ಪತ್ತನಾಲ್ಕು ಗುಣಗಳಲ್ಲಿ ಒಂದು. ಗಿಡುಗವು ಬಂದು ಮೋಟುಮರದ ಮೇಲೆ ಕುಳಿತಾಗ ಒಂದರ ಕ್ರಿಯೆಯಿಂದಲೂ, ಎರಡು ಟಗರುಗಳು ಹಾಯ್ದಾಗ ಎರಡರ ಕ್ರಿಯೆಯಿಂದಲೂ, ಕೈ ಪುಸ್ತಕವನ್ನು ಮುಟ್ಟಿದುದರಿಂದ ದೇಹವೂ ಪುಸ್ತಕವನ್ನು ಮುಟ್ಟಿದಂತಾದಾಗ ಸಂಯೋಗದಿಂದಲೇ ಸಂಯೋಗವೂ ಹುಟ್ಟುವುದೆಂದು ವೈಶೇಷಿಕರು ಹೇಳುತ್ತಾರೆ. ಇದಕ್ಕಿಂತ ಸೂಕ್ಷ್ಮವಾದ ಮಾತು ಇನ್ನೊಂದುಂಟು. ಸಂಯೋಗವು ತನ್ನ ಆಶ್ರಯವನ್ನೆಲ್ಲ ವ್ಯಾಪಿಸುವುದಿಲ್ಲ. ಅವರ ಪರಿಭಾಷೆಯಲ್ಲಿ ಅದು ಅವ್ಯಾಪ್ಯವೃತ್ತಿ. ಮರದ ಕೊಂಬೆಯ ಮೇಲೆ ಕಪಿ ಕುಳಿತಿದೆ. ಕೊಂಬೆಯಲ್ಲಿ ಮರಕ್ಕೆ ಕಪಿಸಂಯೋಗವುಂಟು, ಬೇರಿನಲ್ಲಿ ಅದೇ ಮರಕ್ಕೆ ಅದಿಲ್ಲ. ಬಿ.ಟಿ.ಎಂ. ಬಡಾವಣೆಯ ಹೆಸರನ್ನು ಕೇಳಿದಾಗಲೆಲ್ಲ ನನಗೆ ಈ ಕಪಿಯ ನೆನಪಾಗುತ್ತದೆ: ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಊರುಗಳು ತಮ್ಮ ಮೊದಲಕ್ಷರಗಳಲ್ಲಿ ಮಾತ್ರ ಕೂಡಿಕೊಂಡು, ಉಳಿದುದರಲ್ಲೆಲ್ಲ ತಮ್ಮ ತಮ್ಮ ದೇವರುಗಳೊಡನೆ ಬೇರೆಬೇರೆಯಾಗಿಯೇ ಇವೆ.

ನೂರಾರು ವರ್ಷಗಳ ತರುವಾಯ ಸ್ವೀಡನ್ನಿನಲ್ಲಿ ಹುಟ್ಟಿದ ರಾಗ್ನರ್ ಹೋಲ್ಮ್ ಎಂಬ ಭೌತವಿಜ್ಞಾನಿ ವಿದ್ಯುತ್ ಸಂಪರ್ಕಗಳನ್ನು ಜೀವಮಾನವೆಲ್ಲ ಶೋಧಿಸಿ ಕಂಡುದೂ ಇದನ್ನೇ. ಎಷ್ಟು ನುಣುಪಾದ ಲೋಹದ ಮುಖವಾದರೂ ಸೂಕ್ಷ್ಮದೃಷ್ಟಿಗೆ ಅದು ಬೆಟ್ಟಗುಡ್ಡಗಳ ನಾಡು. ಎರಡು ಮುಖಗಳು ಒತ್ತಿಕೊಂಡಾಗ ಶಿಖರಕ್ಕೆ ಶಿಖರ ತಾಗುವ ಕೆಲವೇ ಬಿಂದುಗಳಲ್ಲಿ ನಿಜವಾದ ಸ್ಪರ್ಶವಿದ್ದು, ವಿದ್ಯುತ್ತೆಲ್ಲವೂ ಆ ಕಿರುದಾರಿಗಳಲ್ಲಿ ನುಸುಳಿ ಹೋಗಬೇಕಾಗುತ್ತದೆ. ಆ ಬಿಂದುಗಳು ಶುಚಿಯಾಗಿದ್ದು ಒತ್ತಡವು ಸಾಕಷ್ಟಿದ್ದರೆ ಸಂಪರ್ಕದ ನಿರೋಧ ಕೆಲವು ಮಿಲಿಓಮ್ ಮಾತ್ರ. ನಿರೋಧವು 5 ಮಿಲಿಓಮ್ ಇದ್ದು 10 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ ಅರ್ಧ ವಾಟ್. ಕೈಗೆ ತಿಳಿಯುವುದೂ ಇಲ್ಲ. ಅದೇ ಬಿಂದುಗಳಿಗೆ ಕಿಲುಬು ಹತ್ತಿ ನಿರೋಧವು 100 ಮಿಲಿಓಮಿಗೇರಿದರೆ ಶಾಖ 10 ವಾಟ್ ಆಗಿ, 12 ವೋಲ್ಟಿನಲ್ಲಿ ಒಂದು ವೋಲ್ಟ್ ಅಲ್ಲಿಯೇ ಲಯವಾಗಿ, ಬೆರಳ ತುದಿಯಷ್ಟಿರುವ ಕಪ್ಲರ್ ಕರಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಲೂಸ್ ಕನೆಕ್ಷನ್ ಎಂದು ನಮ್ಮ ಎಲೆಕ್ಟ್ರಿಷಿಯನ್ನರು ಒಂದೇ ಮಾತಿನಲ್ಲಿ ಹೇಳಿಬಿಡುವ ಈ ಸ್ಥಿತಿಯಲ್ಲಿ ತಂತಿಯು ಕಡಿದಿರುವುದಿಲ್ಲ, ಕಣ್ಣಿಗೆ ಎಲ್ಲವೂ ಕೂಡಿಕೊಂಡೇ ಇರುತ್ತದೆ. ಕೂಡಿಕೆಯ ಒಳಗೆ ಮಾತ್ರ ಸ್ಪರ್ಶವು ಕ್ಷೀಣಿಸಿ, ಹರಿಯಬೇಕಾದುದು ಉರಿಯತೊಡಗಿರುತ್ತದೆ.

ವೈಶೇಷಿಕರು ಸಂಯೋಗಕ್ಕಿಂತ ಗಾಢವಾದ ಸಂಬಂಧವೊಂದನ್ನು ಒಪ್ಪಿ ಅದನ್ನು ಸಮವಾಯವೆಂದು ಕರೆದರು: ನೂಲಿಗೂ ಬಟ್ಟೆಗೂ, ದ್ರವ್ಯಕ್ಕೂ ಗುಣಕ್ಕೂ ಇರತಕ್ಕ, ಬಿಡಿಸಲಾರದ ಸಂಬಂಧ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಇದನ್ನು ನಿರಾಕರಿಸಿ, ಎರಡನ್ನು ಕೂಡಿಸಲು ಸಮವಾಯ ಬೇಕಾದರೆ ಸಮವಾಯವನ್ನು ಆ ಎರಡರೊಡನೆ ಕೂಡಿಸಲು ಮತ್ತೊಂದು ಬೇಕಾಗುವುದೆಂದು ಅನವಸ್ಥಾದೋಷವನ್ನು ತೋರಿದರು. ಉಡುಪಿಯ ಮಧ್ವರೂ ಬೇರೆಯ ದಾರಿಯಿಂದ ಬಂದು ಅದನ್ನು ಕೈಬಿಟ್ಟರು. ಆ ವಾದದ ಜಯಾಪಜಯಗಳನ್ನು ನಿರ್ಣಯಿಸುವಷ್ಟು ಪಾಂಡಿತ್ಯ ನನಗಿಲ್ಲ. ನನ್ನ ಮನಸ್ಸು ನಿಂತುದು ಬೇರೊಂದೆಡೆ. ಶಾಸ್ತ್ರವು ಏನೇ ಹೇಳಲಿ, ನಮ್ಮ ಹೃದಯವು ಸದಾ ಸಮವಾಯವನ್ನೇ ಬಯಸುತ್ತದೆ. ಪ್ರೀತಿಸಿದ ಎಲ್ಲದರೊಡನೆಯೂ ಬಟ್ಟೆಯೂ ನೂಲೂ ಆಗಿರಬೇಕೆಂದು ಹಂಬಲಿಸುತ್ತದೆ. ಅವಿಭಕ್ತ ಎಂಬ ಮಾತನ್ನು ಪುಣ್ಯಶಬ್ದವೆಂಬಂತೆಯೂ ವಿಭಾಗ ಎಂಬ ಮಾತನ್ನು ಅಮಂಗಲವೆಂಬಂತೆಯೂ ಉಚ್ಚರಿಸುತ್ತದೆ. ಆದರೆ ಇಪ್ಪತ್ತನಾಲ್ಕು ಗುಣಗಳ ಪಟ್ಟಿಯಲ್ಲಿ ಸಂಯೋಗದ ಬೆನ್ನಿಗೇ ವಿಭಾಗವೂ ನಿಂತಿದೆ. ಅದನ್ನು ಅವರು ಬರಿಯ ಸಂಯೋಗದ ಅಭಾವವೆಂದು ತಳ್ಳಿಹಾಕಲಿಲ್ಲ. ಕೂಡಿದ್ದವು ಬೇರೆಯಾಗುವುದೂ ಭಾವರೂಪವಾದ ಒಂದು ಗುಣವೇ ಎಂದು ಎಣಿಸಿದರು. ಎಷ್ಟು ಸಲ ಈ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದ್ದರೂ ಅದರ ಅರ್ಥ ನನ್ನ ಅನುಭವಕ್ಕೆ ಬಂದುದು ಆ ಹುಡುಗನ ಡಬ್ಬಿಯ ಮುಂದೆ ಕುಳಿತಾಗ.

ತಂತಿಗೆ ತಂತಿಯನ್ನು ಕೂಡಿಸಲು ಮೂರು ಮಾರ್ಗಗಳುಂಟು. ತುದಿಗಳನ್ನು ಹೊಸೆದು ಇನ್ಸುಲೇಷನ್ ಟೇಪು ಸುತ್ತುವುದು ಮೊದಲನೆಯದು. ಕಾಸು ಖರ್ಚಿಲ್ಲ, ಆದರೆ ಮೊದಲ ಮಳೆಗೆ ನೀರು ಕುಡಿದು ಮೊದಲ ಬೇಸಗೆಗೆ ಅಂಟು ಬಿಡುತ್ತದೆ. ಸೀಸ ಕರಗಿಸಿ ಬೆಸುಗೆ ಹಾಕುವುದು ಎರಡನೆಯದು. ಮನೆಯ ರೇಡಿಯೋಗೆ ಅದು ಸರಿಯೇ. ನಡುಗುವ ವಾಹನದಲ್ಲಿ ಮಾತ್ರ, ಕರಗಿದ ಸೀಸವು ಎಳೆಗಳ ನಡುವೆ ಏರಿ ನಿಂತ ಕಡೆಯವರೆಗೆ ತಂತಿಯು ಕಡ್ಡಿಯಂತೆ ಬಿರುಸಾಗಿ, ಬಿರುಸು ಮುಗಿದು ಮೆದುವು ಮೊದಲಾಗುವ ಆ ಗೆರೆಯಲ್ಲಿಯೇ ಬಾಗಿ ಬಾಗಿ ಮುರಿಯುತ್ತದೆ. ಗಾಢವಾಗಿ ಕೂಡಿಸಬೇಕೆಂಬ ಆಸೆಯಿಂದ ಮಾಡಿದ ಬೆಸುಗೆಯೇ ಮುರಿವಿನ ಸ್ಥಾನವನ್ನು ಗೊತ್ತುಮಾಡಿರುತ್ತದೆ. ಮೂರನೆಯದು ಕ್ರಿಂಪ್ ಮಾಡಿದ ಪಿನ್ನು ಮತ್ತು ಕಪ್ಲರ್. ಇಲ್ಲಿ ಪಿನ್ನಿಗೆ ಎರಡು ಜೊತೆ ರೆಕ್ಕೆಗಳಿರುತ್ತವೆ. ಒಂದು ಜೊತೆ ಬರಿಯ ತಾಮ್ರವನ್ನು, ಎಳೆಗಳ ನಡುವೆ ಗಾಳಿಯೂ ನುಸುಳದಂತೆ, ಬಲವಾಗಿ ಅಪ್ಪುತ್ತದೆ. ವಿದ್ಯುತ್ತು ಹರಿಯುವುದು ಅದರಲ್ಲಿ. ಇನ್ನೊಂದು ಜೊತೆ ಹಿಂದೆ ನಿಂತು ತಂತಿಯ ಮೇಲುಹೊದಿಕೆಯನ್ನು ಹಿಡಿಯುತ್ತದೆ. ಅದರಲ್ಲಿ ಹನಿ ವಿದ್ಯುತ್ತೂ ಹರಿಯದು. ಎಳೆತ, ನಡುಕ, ಭಾರಗಳನ್ನು ತಾನು ತಾಳಿಕೊಂಡು ತಾಮ್ರಕ್ಕೆ ಅವು ತಾಗದಂತೆ ಕಾಯುವುದಷ್ಟೆ ಅದರ ಕಾಯಕ. ಅಗ್ಗದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದು ಈ ಎರಡನೆಯ ಅಪ್ಪುಗೆಯೇ.

ಇದನ್ನು ಹುಡುಗನಿಗೆ ವಿವರಿಸುತ್ತಿದ್ದಾಗ ನನ್ನ ಮಾತು ತಡೆಯಿತು. ಹನ್ನೊಂದು ವರ್ಷಗಳ ಹಿಂದೆ ನಾನೂ ನನ್ನ ತಮ್ಮನೂ ನಮ್ಮ ತಂದೆಯವರು ಜಯನಗರದಲ್ಲಿ ಕಟ್ಟಿಸಿದ್ದ ಮನೆಯನ್ನು ಪಾಲುಮಾಡಿಕೊಂಡೆವು. ತಂದೆಯವರು ಇದ್ದಾಗಲೇ ಯಾವುದು ಯಾರದೆಂದು ಬರೆದಿಡಬಹುದಾಗಿತ್ತು. ಅವರು ಒಮ್ಮೆ ಆ ಮಾತನ್ನೆತ್ತಿಯೂ ಇದ್ದರು. ‘ಬರವಣಿಗೆ ಏತಕ್ಕೆ, ನಾವು ಅಣ್ಣತಮ್ಮಂದಿರಲ್ಲವೆ’ ಎಂದು ನಾನೇ ಅದನ್ನು ತಡೆದೆನು. ಬರೆಯುವುದು ಪ್ರೀತಿಗೆ ಅಪಮಾನವೆಂದು ಆಗ ನಿಜವಾಗಿಯೂ ನಂಬಿದ್ದೆನು. ಪರಿಣಾಮವಾಗಿ, ಸುಣ್ಣಬಣ್ಣದ ಖರ್ಚು, ಕಂದಾಯ, ಮೇಲುಮಹಡಿಯ ಬಾಡಿಗೆ ಎಂಬ ಎಳೆತಗಳೆಲ್ಲವೂ, ತಾಳಿಕೊಳ್ಳಲು ಬೇರೊಂದು ಹಿಡಿಯಿಲ್ಲದೆ, ಪ್ರೀತಿಯ ಎಳೆಗಳ ಮೇಲೆಯೇ ಬಿದ್ದವು. ಎಳೆಗಳು ಒಂದೊಂದಾಗಿ ಹರಿದವು. ಕೊನೆಗೆ ಪಾಲು ಬಂದಾಗ ಕಪ್ಲರ್‌ನ ಲಾಕನ್ನು ಒತ್ತಿ ಬಿಡಿಸುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ತಂತಿಯನ್ನೇ ಹಿಡಿದು ಜಗ್ಗಿದೆವು. ತಮ್ಮನು ಜೆ.ಪಿ. ನಗರಕ್ಕೆ ಹೊರಟುಹೋದನು. ತಪ್ಪಿನಲ್ಲಿ ಹಿರಿಯ ಪಾಲು ಹಿರಿಯನಾದ ನನ್ನದೆಂಬುದನ್ನು ಇಲ್ಲಿ ಬರೆಯದೆ ಹೋದರೆ ಈ ಲೇಖನವು ಸುಳ್ಳಾಗುತ್ತದೆ.

ಅಣ್ಣತಮ್ಮಂದಿರ ಈ ಸಮಸ್ಯೆಯನ್ನು ಭರತಖಂಡದ ಬಹುಭಾಗಕ್ಕೆ ಬಗೆಹರಿಸಿಕೊಟ್ಟ ಗ್ರಂಥವು ನಮ್ಮ ನಾಡಿನಲ್ಲಿಯೇ ಹುಟ್ಟಿತು. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಮರಣದಿಂದಲ್ಲ, ತನ್ನ ಜನ್ಮದಿಂದಲೇ ಎಂಬುದು ಆ ಗ್ರಂಥದ ಸಿದ್ಧಾಂತ. ಆದ್ದರಿಂದ ಪಾಲುಮಾಡುವುದು ಹೊಸ ಹಕ್ಕನ್ನು ಹುಟ್ಟಿಸುವ ಕ್ರಿಯೆಯಾಗದೆ, ಸಮಗ್ರ ದ್ರವ್ಯದಲ್ಲಿ ಮೊದಲಿನಿಂದಲೂ ಕೂಡಿಕೊಂಡಿದ್ದ ಹಲವರ ಸ್ವಾಮ್ಯವನ್ನು ಒಂದೊಂದು ಭಾಗದಲ್ಲಿ ನೆಲೆಗೊಳಿಸುವ ಕ್ರಿಯೆ ಮಾತ್ರ ಆಗುತ್ತದೆ. ಕೂಡಿದ್ದ ದಿನಗಳಲ್ಲಿಯೂ ಬೇರೆಯಾಗುವ ಕ್ರಮವು ಕೂಡಿಕೆಯ ಒಳಗೇ ಇತ್ತು. ಅದಿತ್ತೆಂಬುದರಿಂದ ಕೂಡಿಕೆಗೆ ಕುಂದಾಗಲಿಲ್ಲ. ನಾನು ಪ್ರೀತಿಗೆ ಅಪಮಾನವೆಂದು ಬಗೆದುದನ್ನು ವಿಜ್ಞಾನೇಶ್ವರನು ಪ್ರೀತಿಯ ಹಿಂದೆ ನಿಂತು ಎಳೆತವನ್ನು ತಾಳುವ ಹಿಡಿಯೆಂದು ತಿಳಿದಿದ್ದನು.

ಇನ್ನು ಬೆಲೆಯ ಮಾತು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ದೊರೆಯುವ ಕಪ್ಲರ್ ಉಂಟು, ನೂರಾರು ರೂಪಾಯಿ ಬೆಲೆಯ ಆಮದಾದುದೂ ಉಂಟು. ಹುಡುಗನ ಗೆಳೆಯರಲ್ಲೊಬ್ಬನು ಎಲ್ಲ ಕಡೆಗೂ ಅತ್ಯುತ್ತಮವಾದುದನ್ನೇ ಹಾಕಬೇಕೆಂದೂ ಇನ್ನೊಬ್ಬನು ಎಲ್ಲ ಕಡೆಗೂ ಅಗ್ಗದ್ದೇ ಸಾಕೆಂದೂ ಹಟ ಹಿಡಿದಿದ್ದರು. ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಿದ್ದರು: ಪ್ರತಿಯೊಂದು ಕೂಡಿಕೆಯೂ ತನಗೇನು ಬೇಕೆಂದು ಹೇಳುತ್ತಿರುವುದನ್ನು ಕೇಳದಿರುವುದು. ನಾವು ನಾಲ್ವರೂ ಕುಳಿತು ಒಂದೊಂದನ್ನೂ ವಿಚಾರಿಸಿದೆವು. ಎಷ್ಟು ಆಂಪಿಯರ್ ಹರಿಯುತ್ತದೆ? ನೀರು ತಾಗುತ್ತದೆಯೆ? ನಡುಕ ಎಷ್ಟು? ಎಷ್ಟು ಸಲ ಬಿಚ್ಚಬೇಕಾದೀತು? ಎಷ್ಟು ಜಾಗವಿದೆ? ಡ್ಯಾಶ್‌ಬೋರ್ಡಿನ ಹಿಂದೆ, ನೀರು ತಾಗದ ಎಡೆಯಲ್ಲಿ, ಅಲ್ಪ ವಿದ್ಯುತ್ತು ಮಾತ್ರ ಹರಿಯುವ ಸೂಚಕಗಳಿಗೆ ಜೆ.ಎಸ್.ಟಿ. ಮಾದರಿಯ ಪುಟ್ಟ ಕನೆಕ್ಟರ್ ಧಾರಾಳವಾಗಿ ಸಾಕು. ಜಪಾನಿನ ಆ ಸಂಸ್ಥೆಯ ಹೆಸರಿನಲ್ಲಿಯೇ ‘ಬೆಸುಗೆಯಿಲ್ಲದ ಕೂಡಿಕೆ’ ಎಂಬ ಅರ್ಥವಿದೆ. 60 ವಾಟಿನ ಹೆಡ್‌ಲೈಟು ಎಳೆಯುವುದು 5 ಆಂಪಿಯರ್, ಅದಕ್ಕೆ 6.3 ಮಿಲಿಮೀಟರ್ ಅಗಲದ ಚಪ್ಪಟೆ ಪಿನ್ನಿನ ಸಾಧಾರಣ ಕಪ್ಲರ್, ರಬ್ಬರಿನ ಮುಸುಕಿನೊಡನೆ. ಚಕ್ರದ ಬಳಿಯ ಸೆನ್ಸರಿಗೂ ಎಂಜಿನ್ನಿನ ಪಕ್ಕದ ಇಂಧನ ಪಂಪಿಗೂ ಮಾತ್ರ, ಕೆಸರನ್ನೂ ನಡುಕವನ್ನೂ ತಡೆಯಬಲ್ಲ, ಸಿಲಿಕೋನ್ ಉಂಗುರಗಳುಳ್ಳ ಡಾಯ್ಚ್ ಡಿ.ಟಿ. ಅಥವಾ ಸೂಪರ್‌ಸೀಲ್ ಬೇಕು; ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ತೇವವಾಗದೆಂಬ ಐ.ಪಿ. 67ರ ದರ್ಜೆ ಅಲ್ಲಿ ಸಾರ್ಥಕ. ಲೆಕ್ಕ ಮುಗಿದಾಗ ನಲವತ್ತರಲ್ಲಿ ಬೆಲೆಯುಳ್ಳದ್ದು ಬೇಕಾದುದು ಒಂಬತ್ತು ಕಡೆಗೆ ಮಾತ್ರ. ಹೀಗೆ ಉಳಿಸಿದ ಹಣದಲ್ಲಿ ಒಳ್ಳೆಯ ಕ್ರಿಂಪಿಂಗ್ ಟೂಲ್ ಒಂದನ್ನು ಕೊಳ್ಳುವಂತೆ ಹೇಳಿದೆನು. ದುಬಾರಿ ಕನೆಕ್ಟರಿಗೆ ಇಕ್ಕುಳದಿಂದ ಜಜ್ಜಿದ ಪಿನ್ನನ್ನು ಹಾಕುವುದಕ್ಕಿಂತ ಅಗ್ಗದ ಕಪ್ಲರಿಗೆ ಸರಿಯಾಗಿ ಒತ್ತಿದ ಪಿನ್ನನ್ನು ಹಾಕುವುದು ಮೇಲು.

ವಿಜ್ಞಾನೇಶ್ವರನ ಅದೇ ಕಲ್ಯಾಣದಲ್ಲಿ, ಕೆಲವು ದಶಕಗಳ ತರುವಾಯ, ಆಯ್ದಕ್ಕಿ ಲಕ್ಕಮ್ಮನೆಂಬ ಶರಣೆ ಇದ್ದಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಎಂದಿನಷ್ಟೇ ಸಾಕೆಂದು ಹೆಚ್ಚಾದುದನ್ನು ಮರಳಿ ಸುರಿದುಬರುವಂತೆ ಅವಳು ಅವನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಬಡತನದ ಸ್ತುತಿಯೆಂದು ಓದುವುದುಂಟು. ನನಗೆ ಅದು ಅಳತೆಯ ಸ್ತುತಿಯೆಂದು ತೋರುತ್ತದೆ. ಸಾಕು ಎಂಬ ಮಾತನ್ನು ಹೇಳಬಲ್ಲವನು ಎಷ್ಟು ಬೇಕೆಂಬುದನ್ನು ಖಚಿತವಾಗಿ ಬಲ್ಲವನಾಗಿರಬೇಕು. ದುರಾಸೆ ಮತ್ತು ಜಿಪುಣತನಗಳೆರಡೂ ಅಳೆಯುವ ಶ್ರಮದಿಂದ ತಪ್ಪಿಸಿಕೊಳ್ಳುವ ಉಪಾಯಗಳು. ಒಂಬತ್ತು ಕಡೆಗೆ ಬೆಲೆಯುಳ್ಳದ್ದನ್ನೂ ಮೂವತ್ತೊಂದು ಕಡೆಗೆ ಸಾಧಾರಣವಾದುದನ್ನೂ ಆರಿಸಿಕೊಂಡ ಆ ಸಂಜೆ, ಮೂವರು ಹುಡುಗರು ತಮಗರಿವಿಲ್ಲದೆಯೇ ಲಕ್ಕಮ್ಮನ ಧರ್ಮವನ್ನು ಆಚರಿಸಿದರು.

ಕಾರನ್ನು ಅವರು ಮಹಾನವಮಿಯ ದಿನ ಹೂಮಾಲೆ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು ಪೂಜಿಸಿದರು. ಪೂಜೆ ಮುಗಿದ ಮೇಲೆ ನಾನು ಕೇಳಿಕೊಂಡುದು ಒಂದೇ: ಆಯುಧಪೂಜೆಯು ನೈಮಿತ್ತಿಕ, ತಿಂಗಳಿಗೊಮ್ಮೆ ಒಂದೊಂದು ಕಪ್ಲರನ್ನೂ ಬಿಚ್ಚಿ, ಕಿಲುಬಿದ್ದರೆ ಒರೆಸಿ, ಮತ್ತೆ ಟಕ್ಕೆಂಬ ಸದ್ದು ಕೇಳುವವರೆಗೆ ಕೂಡಿಸುವುದು ನಿತ್ಯಕರ್ಮ, ನಿತ್ಯವನ್ನು ಬಿಟ್ಟವನಿಗೆ ನೈಮಿತ್ತಿಕವು ಫಲ ಕೊಡದು. ಬಿಚ್ಚಲು ಬರುವುದರಿಂದಲ್ಲವೆ ಒರೆಸಲೂ ಬರುವುದು? ಬೆಸುಗೆಯ ಒಳಗೆ ಸೇರಿದ ಕಿಲುಬನ್ನು ಯಾರೂ ನೋಡಲಾರರು.

ದೇಹವನ್ನು ರಥವೆಂದು ಕಠೋಪನಿಷತ್ತು ಬಣ್ಣಿಸಿದೆ. ಇಂದ್ರಿಯಗಳು ಕುದುರೆಗಳು, ಮನಸ್ಸು ಕಡಿವಾಣ, ಬುದ್ಧಿ ಸಾರಥಿ, ಆತ್ಮನು ರಥಿಕ. ಬಿಡಿಭಾಗಗಳ ಆ ಗಣನೆಯಲ್ಲಿ ಅವನ್ನು ಕೂಡಿಸುವುದು ಯಾವುದೆಂಬ ಮಾತು ಬರುವುದಿಲ್ಲ. ಆ ಮಾತನ್ನೆತ್ತಿದವನು ಮುದನೂರಿನ ನೇಕಾರ, ದಿನವೆಲ್ಲ ಹರಿದ ಎಳೆಗಳಿಗೆ ಗಂಟಿಕ್ಕುತ್ತಿದ್ದ ಜೇಡರ ದಾಸಿಮಯ್ಯ. ದೇಹವನ್ನು ಅವನು ರಾಜರ ರಥಕ್ಕೆ ಹೋಲಿಸದೆ ರೈತನ ಬಂಡಿಗೆ ಹೋಲಿಸಿ, ಆ ಬಂಡಿಗೆ ಶರಣರ ನುಡಿಯೇ ಕಡೆಗೀಲು ಎಂದನು. ಬಂಡಿಯನ್ನು ಬಲ್ಲವರು ಕಡೆಗೀಲಿನ ಸ್ವಭಾವವನ್ನೂ ಬಲ್ಲರು. ಅದು ಬಡಿದ ಮೊಳೆಯಲ್ಲ. ಅಚ್ಚಿನ ತುದಿಯ ರಂಧ್ರದಲ್ಲಿ ನಿಂತು ಚಕ್ರವು ಕಳಚದಂತೆ ತಡೆಯುವ ಆ ಗೇಣುದ್ದದ ಕೀಲನ್ನು, ಅಚ್ಚಿಗೆ ಎಣ್ಣೆ ಹಾಕಬೇಕಾದಾಗ ರೈತನು ಬೆರಳಿನಿಂದ ಎಳೆದು ತೆಗೆಯುತ್ತಾನೆ. ಹಾಕಿದ ಮೇಲೆ ಮತ್ತೆ ಇಡುತ್ತಾನೆ. ಹಿಡಿದಿಡುವುದೂ ಬಿಟ್ಟುಕೊಡುವುದೂ ಅದರ ಒಂದೇ ಧರ್ಮದ ಎರಡು ಮುಖಗಳು. ಬಾಳನ್ನು ಹಿಡಿದಿಡುವ ವಸ್ತುವಿಗೆ ಉಪಮೆ ಬೇಕಾದಾಗ ದಾಸಿಮಯ್ಯನು ಈ ಕೀಲನ್ನು ಆರಿಸಿಕೊಂಡನೆಂಬುದು, ಬಿಡಿಸಲು ಬರುವ ಸಂಬಂಧವು ಕೀಳಲ್ಲವೆಂಬುದಕ್ಕೆ ನನಗೆ ದೊರೆತ ಪ್ರಮಾಣ.

ಕೊನೆಯದಾಗಿ ಹುಡುಗನಿಗೆ ನಾನು ಹೇಳಿಕೊಟ್ಟ ಕಸುಬಿನ ಪಾಠ ಒಂದಿತ್ತು. ಪ್ರತಿಯೊಂದು ಕೂಡಿಕೆಯ ಬಳಿಯಲ್ಲಿಯೂ ತಂತಿಯನ್ನು ನಾಲ್ಕು ಬೆರಳಿನಷ್ಟು ಹೆಚ್ಚಿಗೆ ಬಿಟ್ಟಿರಬೇಕು. ಎಂದಾದರೂ ಪಿನ್ನು ಸುಟ್ಟರೆ, ಅಥವಾ ಯಾರಾದರೂ ಜಗ್ಗಿ ಕಿತ್ತರೆ, ಕೆಟ್ಟ ತುದಿಯನ್ನು ಕತ್ತರಿಸಿ ಹೊಸ ಪಿನ್ನು ಒತ್ತಲು ಆ ಉದ್ದ ಬೇಕಾಗುತ್ತದೆ. ಹಾಗೆ ಹೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹನ್ನೊಂದು ವರ್ಷ ನಾನೂ ತಮ್ಮನೂ ಮಾತಾಡಿರಲಿಲ್ಲ ನಿಜ. ಆದರೆ ಈ ಹನ್ನೊಂದು ವರ್ಷವೂ, ಒಂದನ್ನೂ ತಪ್ಪದೆ, ಸಂಕ್ರಾಂತಿಯ ದಿನ ತಮ್ಮನ ಮಡದಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳನ್ನು ಯಾರ ಕೈಯಲ್ಲಾದರೂ ಜಯನಗರಕ್ಕೆ ಕಳುಹಿಸಿದ್ದಳು. ಅದನ್ನು ಹೆಂಗಸರ ರೂಢಿಯೆಂದು ಎಣಿಸಿ ನಾನು ಅದರ ಕಡೆಗೆ ನೋಡಿಯೂ ಇರಲಿಲ್ಲ. ಉಳಿದಿದ್ದ ನಾಲ್ಕು ಬೆರಳ ತಂತಿ ಅದೇ ಆಗಿತ್ತು.

ಈ ಸಲದ ಸಂಕ್ರಾಂತಿಗೆ ಎಳ್ಳಿನ ತಟ್ಟೆಯನ್ನು ನಾನೇ ಹಿಡಿದುಕೊಂಡು ಜೆ.ಪಿ. ನಗರಕ್ಕೆ ಹೋದೆನು. ಬಾಗಿಲು ತೆರೆದವನು ತಮ್ಮನೇ. ಬಹಳ ಹೊತ್ತು ಅವನು ತಟ್ಟೆಯನ್ನು ನೋಡಿದನು. ಅನಂತರ ನನ್ನನ್ನು ನೋಡಿ, “ಒಳಗೆ ಬಾ ಅಣ್ಣ, ಬಿಸಿಲು” ಎಂದನು. ಮನೆ ಮತ್ತೆ ಒಂದಾಗಲಾರದು, ಆಗಬೇಕಾಗಿಯೂ ಇಲ್ಲ. ಅವನ ಮನೆ ಅಲ್ಲಿ, ನನ್ನ ಮನೆ ಇಲ್ಲಿ. ಒಂದು ಬಿಂದುವಿನಲ್ಲಿ ಮಾತ್ರ ನಾವು ಮುಟ್ಟಿದೆವು, ಮತ್ತು ಆ ಬಿಂದು ಶುಚಿಯಾಗಿತ್ತು.